ಬಚ್ಚಲಲ್ಲಿ ಕೂದಲು ಕಟ್ಟಿಕೊಂಡರೆ ಏನು ಕೊಳ್ಳಬೇಕು?

ಧಾರವಾಡದ ಸಪ್ತಾಪುರದಲ್ಲಿ ನಾನು ಹುಡುಗಿಯರ ಪಿಜಿ ನಡೆಸುತ್ತೇನೆ. ಇರುವವರೆಲ್ಲ ಕೋಚಿಂಗ್‌ಗೆ ಅಂತ ಬಾಗಲಕೋಟೆ, ರಾಯಚೂರು, ಗದಗ ಕಡೆಯಿಂದ ಬಂದವರು. ಹೆಚ್ಚಿನವರದ್ದು ಉದ್ದ ಜಡೆ. ಊಟ, ಕರೆಂಟ್, ವೈಫೈ ಬಿಟ್ಟರೆ ನನಗೆ ಜಾಸ್ತಿ ಬರುವ ದೂರು ಒಂದೇ: "ಅಕ್ಕಾ, ಬಚ್ಚಲ್ದಾಗ ನೀರು ಹೋಗವಲ್ದ್ರೀ."

ಅಂಗಡಿಗೆ ಹೋಗಿ "ಡ್ರೈನ್ ಕಟ್ಟಿದೆ, ಏನಾದರೂ ಕೊಡಿ" ಅಂದರೆ ಪೌಡರ್ ಪ್ಯಾಕೆಟ್ ಕೊಡುತ್ತಾರೆ, ಇಲ್ಲ ಆಸಿಡ್ ಬಾಟಲಿ. ಕೂದಲು ಕಟ್ಟಿದಾಗ ಮೊದಲು ಕೊಳ್ಳಬೇಕಾದ್ದು ಇವೆರಡೂ ಅಲ್ಲ. ಎರಡೂ ಬದಿಗೆ ಮುಳ್ಳು ಮುಳ್ಳಿರುವ ಉದ್ದನೆಯ ಪ್ಲಾಸ್ಟಿಕ್ ಪಟ್ಟಿಯೊಂದು ಬರುತ್ತದೆ. ಮೊದಲು ಅದನ್ನು ತನ್ನಿ. ನೂರು ರೂಪಾಯಿಯೊಳಗೆ ಸಿಗುತ್ತದೆ. ಕೂದಲನ್ನು ಎಳೆದು ಹೊರಗೆ ಹಾಕಬೇಕು. ಕರಗಿಸುವ ಮಾತು ಆಮೇಲೆ.

ಆದರೆ ದುಡ್ಡು ಬಿಚ್ಚುವ ಮೊದಲು ಎಲ್ಲಿ ಕಟ್ಟಿದೆ ಅಂತ ನೋಡಿ. ಒಂದೇ ಬಚ್ಚಲಿನಲ್ಲಿ ನೀರು ನಿಂತಿದ್ದರೆ ತೊಂದರೆ ಅಲ್ಲೇ ಹತ್ತಿರದಲ್ಲಿದೆ. ಜಾಲಿಯಲ್ಲಿರಬಹುದು, ಅದರ ಕೆಳಗಿನ ನಹಾನಿ ಟ್ರ್ಯಾಪಿನಲ್ಲಿರಬಹುದು. ಟ್ರ್ಯಾಪ್ ಅಂದರೆ ಜಾಲಿ ಕೆಳಗೆ ಸದಾ ಸ್ವಲ್ಪ ನೀರು ನಿಲ್ಲುವ ಬಾಗು. ಆ ನೀರು ಇರುವುದರಿಂದಲೇ ಗಟಾರದ ವಾಸನೆ ಮೇಲೆ ಬರುವುದಿಲ್ಲ. ಕೂದಲು ಬಂದು ಸುತ್ತಿಕೊಳ್ಳುವುದೂ ಅಲ್ಲಿಯೇ. ಬಚ್ಚಲು, ಪಾಯಿಖಾನೆ, ಪಕ್ಕದ ರೂಮಿನ ಬಚ್ಚಲು ಎಲ್ಲ ಒಟ್ಟಿಗೆ ತುಂಬಿಕೊಂಡರೆ, ಅಥವಾ ಪಾಯಿಖಾನೆಗೆ ನೀರು ಬಿಟ್ಟಾಗ ಬಚ್ಚಲಲ್ಲಿ ಗುಳುಗುಳು ಅಂದರೆ, ಕಟ್ಟಿರುವುದು ಮುಂದಿನ ದೊಡ್ಡ ಪೈಪಿನಲ್ಲಿ ಅಥವಾ ಹೊರಗಿನ ಚೇಂಬರಿನಲ್ಲಿ. ಅದಕ್ಕೆ ಅಂಗಡಿಯ ಯಾವ ವಸ್ತುವೂ ನಾಟುವುದಿಲ್ಲ. ಚೇಂಬರ್ ಮುಚ್ಚಳ ತೆಗೆಸಿ, ಪ್ಲಂಬರ್ ಕೈಲಿ ಮಾಡಿಸಿ.

ಹೊರಗೆ ಬಂದ ಗಂಟನ್ನು ಒಂದು ಸಲ ಹತ್ತಿರದಿಂದ ನೋಡಿ. ಬರೀ ಕೂದಲು ಇರುವುದಿಲ್ಲ. ಇಲಿಬಾಲದ ಹಾಗೆ ಉದ್ದಕ್ಕೆ ಹೆಣೆದುಕೊಂಡ ಕಪ್ಪು ಹುರಿ, ಅದರ ಮೇಲೆ ಬೂದು ಬಣ್ಣದ ಲೋಳೆ. ಒಡೆದರೆ ಒಳಗೆ ಬೆಳ್ಳಗೆ ಸೋಪಿನ ಗಸಿ, ನಡುನಡುವೆ ಸೀಗೆಕಾಯಿಯ ಕಂದು ಚೂರು, ಶಾಂಪೂ ಸ್ಯಾಷೆಯ ಹರಿದ ಮೂಲೆ, ಒಮ್ಮೊಮ್ಮೆ ಒಂದು ಹೇರ್‌ಪಿನ್. ಬೋರ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಜಾಸ್ತಿ ಇದ್ದರೆ ಸೋಪು ಅವುಗಳ ಜೊತೆ ಸೇರಿ ಕರಗದ ಗಸಿಯಾಗುತ್ತದೆ. ಕೂದಲಿಗೆ ಅಂಟು ಅದೇ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ನಮ್ಮೂರಲ್ಲಿ ಡಿಸೆಂಬರ್, ಜನವರಿಯಲ್ಲಿ ಬಾಟಲಿಯಲ್ಲಿ ಗಟ್ಟಿಯಾಗುವ ಎಣ್ಣೆ ಟ್ರ್ಯಾಪಿನಲ್ಲೂ ಗಟ್ಟಿಯಾಗುತ್ತದೆ, ಅಲ್ವಾ? ಚಳಿಗಾಲದಲ್ಲಿ ದೂರು ಜಾಸ್ತಿ ಬರುವುದಕ್ಕೆ ಇದೊಂದು ಕಾರಣ. ಸಾಮಾನ್ಯವಾಗಿ ಒಬ್ಬರ ತಲೆಯಿಂದ ದಿನಕ್ಕೆ 50ರಿಂದ 100 ಕೂದಲು ಉದುರುತ್ತವೆ. ಒಂದು ಬಚ್ಚಲನ್ನು ನಾಲ್ಕೈದು ಜನ ಬಳಸಿದರೆ ಲೆಕ್ಕ ನೀವೇ ಹಾಕಿಕೊಳ್ಳಿ.

ಈಗ ಪಟ್ಟಿಯ ವಿಚಾರ. ಕೊಳ್ಳುವಾಗ ಮೂರು ಸಂಗತಿ ನೋಡುತ್ತೇನೆ. ಉದ್ದ ಒಂದೂವರೆ ಅಡಿಗಿಂತ ಕಡಿಮೆ ಇರಬಾರದು, ಇಲ್ಲದಿದ್ದರೆ ಟ್ರ್ಯಾಪಿನ ಬಾಗು ಮುಟ್ಟುವುದಿಲ್ಲ. ಬಗ್ಗಿಸಿದರೆ ಬಗ್ಗಬೇಕು, ಆದರೆ ಬಿಳಿ ಗೆರೆ ಬೀಳಬಾರದು. ಬಿಳಿ ಗೆರೆ ಬೀಳುವ ಪ್ಲಾಸ್ಟಿಕ್ ಒಳಗೇ ಮುರಿಯುತ್ತದೆ, ಆಮೇಲೆ ಆ ತುಂಡನ್ನು ತೆಗೆಯುವುದೇ ಒಂದು ಕೆಲಸ. ಮುಳ್ಳುಗಳು ಹಿಡಿಕೆಯ ಕಡೆಗೆ ಬಾಗಿರಬೇಕು, ಆಗ ಒಳಗೆ ಹೋಗುವಾಗ ಜಾರುತ್ತವೆ, ಬರುವಾಗ ಹಿಡಿಯುತ್ತವೆ. ಸ್ವಲ್ಪ ಜಾಸ್ತಿ ದುಡ್ಡಾದರೂ ಪರವಾಗಿಲ್ಲ ಅಂದರೆ ತುದಿಯಲ್ಲಿ ಉಗುರಿನಂತಹ ಕೊಕ್ಕೆ ಇರುವ ಸ್ಪ್ರಿಂಗ್ ತೊಗೊಳ್ಳಿ. ಹಿಂದೆ ಗುಂಡಿ ಒತ್ತಿದರೆ ಕೊಕ್ಕೆ ಬಿಚ್ಚಿಕೊಳ್ಳುತ್ತದೆ, ಬಿಟ್ಟರೆ ಹಿಡಿಯುತ್ತದೆ. ಟ್ರ್ಯಾಪ್ ದಾಟಿ ಮುಂದೆ ಸಿಕ್ಕಿರುವ ಕೂದಲಿಗೆ ಅದೇ ಒಳ್ಳೆಯದು. ಹೇರ್‌ಪಿನ್‌ಗೂ.

ಬಳಸುವ ರೀತಿ ಹೀಗೆ. ಮೊದಲು ರಬ್ಬರ್ ಗ್ಲೌಸ್ ಹಾಕಿಕೊಳ್ಳಿ. ಜಾಲಿಯ ಸ್ಕ್ರೂ ಬಿಚ್ಚಿ. ತುಕ್ಕು ಹಿಡಿದು ಬಿಚ್ಚದಿದ್ದರೆ ಒಂದೆರಡು ಹನಿ ಎಣ್ಣೆ ಬಿಟ್ಟು ಅರ್ಧ ಗಂಟೆ ತಡೆಯಿರಿ. ಜಿರಲೆ ಬಾರದ ಹಾಗೆ ಒಳಗೆ ಬಟ್ಟಲು ಇರುವ ಜಾಲಿಯಾದರೆ ಬಟ್ಟಲನ್ನೂ ತಿರುಗಿಸಿ ತೆಗೆಯಿರಿ. ಎಷ್ಟೋ ಸಲ ಕೂದಲೆಲ್ಲ ಆ ಬಟ್ಟಲಿಗೇ ಸುತ್ತಿಕೊಂಡಿರುತ್ತದೆ, ಕೆಲಸ ಅಲ್ಲಿಗೇ ಮುಗಿಯುತ್ತದೆ. ಇಲ್ಲದಿದ್ದರೆ ಪಟ್ಟಿಯನ್ನು ಪೈಪಿನ ಗೋಡೆಗೆ ಒತ್ತಿಕೊಂಡೇ ಇಳಿಸಿ. ಬಾಗು ತಗಲಿದಾಗ ಜೋರು ಮಾಡಬೇಡಿ, ಸ್ವಲ್ಪ ತಿರುಗಿಸಿದರೆ ತಾನೇ ದಾರಿ ಮಾಡಿಕೊಳ್ಳುತ್ತದೆ. ಎರಡು ಮೂರು ಸುತ್ತು ತಿರುಗಿಸಿ, ನಿಧಾನಕ್ಕೆ ಎಳೆಯಿರಿ. ಗಬಕ್ಕನೆ ಎಳೆದರೆ ಹುರಿ ಹರಿದು ಅರ್ಧ ಒಳಗೇ ಉಳಿಯುತ್ತದೆ. ಬಂದದ್ದನ್ನು ಹಳೆ ಪೇಪರಿನಲ್ಲಿ ಸುತ್ತಿ ಕಸಕ್ಕೆ ಹಾಕಿ. ಪಾಯಿಖಾನೆಗೆ ಹಾಕಿದರೆ ಮುಂದಿನ ತಿಂಗಳು ಅಲ್ಲಿ ಕಟ್ಟುತ್ತದೆ. ಪಟ್ಟಿ ಬರಿಗೈಲಿ ಬರುವವರೆಗೂ ಬೇರೆ ಬೇರೆ ಬದಿಗೆ ಇಳಿಸಿ ನೋಡಿ. ಕೊನೆಗೆ ಒಂದು ಬಕೆಟ್ ನೀರನ್ನು ಒಮ್ಮೆಲೇ ಸುರಿಯಿರಿ. ಸುಳಿ ಬಿದ್ದು ಸರ್ರನೆ ಇಳಿದರೆ ಪೌಡರಿನ ಅಗತ್ಯವೇ ಇಲ್ಲ.

ರಬ್ಬರ್ ಪಂಪನ್ನು ಬಚ್ಚಲಿಗೆ ಕೊಳ್ಳಬೇಡಿ ಅಂತಲೇ ಹೇಳುತ್ತೇನೆ. ಅಡುಗೆಮನೆ ಸಿಂಕಿಗೆ ಸರಿ. ಕೂದಲಿನ ಗಂಟನ್ನು ಮಾತ್ರ ಅದು ಕೈಗೆ ಸಿಗುವ ಜಾಗದಿಂದ ಸಿಗದ ಜಾಗಕ್ಕೆ ತಳ್ಳಬಹುದು. ವಾಶ್‌ಬೇಸಿನ್ ನೀರೂ ಅದೇ ಟ್ರ್ಯಾಪಿಗೆ ಸೇರುತ್ತಿದ್ದರೆ ಗಾಳಿ ಆ ಕಡೆಯಿಂದ ಹೋಗಿಬಿಡುತ್ತದೆ, ಒತ್ತಡವೇ ಕೂರುವುದಿಲ್ಲ. ಬಿದಿರಿನ ದಬ್ಬೆಯಿಂದ ತಿವಿಯುವುದೂ ಇದೇ ಕಥೆ.

ಕೂದಲೆಲ್ಲ ತೆಗೆದ ಮೇಲೂ ನೀರು ಮೆಲ್ಲಗೆ ಹೋಗುತ್ತಿದ್ದರೆ ಗೋಡೆಗೆ ಜಿಡ್ಡು ಹಿಡಿದಿದೆ ಅಂತ ಅರ್ಥ. ಪೌಡರ್ ಕೊಳ್ಳಬೇಕಾದ್ದು ಆಗ. ಪ್ಯಾಕೆಟ್ ಹಿಂದೆ ತಿರುಗಿಸಿ ಓದಿ. ಸೋಡಿಯಂ ಹೈಡ್ರಾಕ್ಸೈಡ್ ಅಥವಾ ಕಾಸ್ಟಿಕ್ ಸೋಡಾ ಅಂತ ಇರಬೇಕು. ಕೂದಲು ಕೆರಾಟಿನ್ ಅನ್ನುವ ಪ್ರೋಟೀನ್. ಅದು ಬಗ್ಗುವುದು ಕ್ಷಾರಕ್ಕೆ. ಚರ್ಮ ಹದ ಮಾಡುವವರು ತೊಗಲನ್ನು ಸುಣ್ಣದ ನೀರಲ್ಲಿ ನೆನೆಹಾಕಿ ಕೂದಲು ತೆಗೆಯುವುದೂ ಇದೇ ಕಾರಣಕ್ಕೆ. ಜಿಡ್ಡನ್ನೂ ಕಾಸ್ಟಿಕ್ ಸೋಡಾ ಸೋಪಿನ ಹಾಗೆ ಮಾಡಿ ಬಿಡಿಸುತ್ತದೆ. ಜಿಡ್ಡು ಬೇಗ ಬಿಡುತ್ತದೆ, ಕೂದಲು ತಡ. ದೊಡ್ಡ ಗಂಟಾದರೆ ಮೇಲಿನ ಪದರ ಮಾತ್ರ ಮೆತ್ತಗಾಗಿ ಒಳಗಿನದು ಹಾಗೇ ಉಳಿಯುತ್ತದೆ. ಅದಕ್ಕೇ ಮೊದಲು ಪಟ್ಟಿ, ಆಮೇಲೆ ಪೌಡರ್ ಅನ್ನುವುದು. ಗಟ್ಟಿ ದ್ರಾವಣದ ಜೆಲ್ ಸಿಕ್ಕರೆ ಅದು ಪೌಡರಿಗಿಂತ ವಾಸಿ. ಧೂಳು ಹಾರುವುದಿಲ್ಲ, ನೀರಿನ ಕೆಳಗೆ ಇಳಿದು ಕೂರುತ್ತದೆ, ಪೈಪಿನೊಳಗೆ ಗಡ್ಡೆ ಕಟ್ಟುವುದಿಲ್ಲ.

ಹಾಕುವಾಗ ದಯವಿಟ್ಟು ಅವಸರ ಮಾಡಬೇಡಿ. ಕಾಸ್ಟಿಕ್ ಸೋಡಾ ಚರ್ಮವನ್ನು ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಗ್ಲೌಸ್, ಕನ್ನಡಕ, ಕಾಲಿಗೆ ಚಪ್ಪಲಿ ಬೇಕೇ ಬೇಕು. ನಿಂತ ನೀರನ್ನು ತಂಬಿಗೆಯಿಂದ ಎತ್ತಿ ತೆಗೆಯಿರಿ. ಜಾಲಿ ಅಲ್ಯೂಮಿನಿಯಂ ಆಗಿದ್ದರೆ ಹೊರಗಿಡಿ, ಕಾಸ್ಟಿಕ್ ಅದನ್ನು ತಿನ್ನುತ್ತದೆ. ಪ್ಯಾಕೆಟ್ಟಿನಲ್ಲಿ ಹೇಳಿದಷ್ಟೇ ಹಾಕಿ, ಹೇಳಿದಷ್ಟೇ ನೀರು, ಹೇಳಿದಷ್ಟೇ ಹೊತ್ತು. ಮುಖ ಬಗ್ಗಿಸಿ ಇಣುಕಬೇಡಿ. ಎಷ್ಟೋ ಪೌಡರುಗಳಲ್ಲಿ ಅಲ್ಯೂಮಿನಿಯಂ ಚೂರು ಬೆರೆಸಿರುತ್ತಾರೆ. ನೀರು ತಗಲಿದ ತಕ್ಷಣ ಕುದಿಯುವಷ್ಟು ಬಿಸಿಯಾಗಿ ಹೈಡ್ರೋಜನ್ ಅನಿಲ ಬರುತ್ತದೆ, ಅದು ಬೆಂಕಿ ಹಿಡಿಯುವ ಅನಿಲ. ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದ್ದರೆ ಸಿಲಿಂಡರ್ ಸಮೇತ ಬಂದ್ ಮಾಡಿ, ಕಿಟಕಿ ತೆಗೆಯಿರಿ. ಬಾಗಿಲಿಗೆ ಚೀಟಿ ಅಂಟಿಸಿ, ಇಲ್ಲದಿದ್ದರೆ ಯಾರೋ ಒಬ್ಬರು ಸ್ನಾನಕ್ಕೆ ಹೋಗೇ ಹೋಗುತ್ತಾರೆ. ಕೊನೆಗೆ ತಣ್ಣೀರು ಧಾರಾಳವಾಗಿ ಬಿಡಿ. ಕುದಿನೀರು ಬೇಡ. ಪಿವಿಸಿ ಪೈಪು 60 ಡಿಗ್ರಿಗಿಂತ ಜಾಸ್ತಿ ಬಿಸಿಗೆ ಮಾಡಿದ್ದಲ್ಲ, ಮೆತ್ತಗಾಗಿ ಜಾಯಿಂಟು ಸಡಿಲವಾಗುತ್ತದೆ.

ಮೈಗೆ ಸಿಡಿದರೆ ಹರಿಯುವ ನೀರಲ್ಲಿ ಕನಿಷ್ಠ 15ರಿಂದ 20 ನಿಮಿಷ ತೊಳೆಯಿರಿ. ನಿಂಬೆಹಣ್ಣು, ಹುಣಸೆ ಹಚ್ಚಬೇಡಿ. ಕಣ್ಣಿಗಾದರೆ ಅಷ್ಟೇ ಹೊತ್ತು ತೊಳೆದು ನೇರ ಆಸ್ಪತ್ರೆಗೆ ಹೋಗಿ. ಮಗು ಬಾಯಿಗೆ ಹಾಕಿಕೊಂಡರೆ ವಾಂತಿ ಮಾಡಿಸಬೇಡಿ, ಪ್ಯಾಕೆಟ್ ಕೈಲಿ ಹಿಡಿದು ಓಡಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಪೌಡರ್ ತಂದಿಟ್ಟುಕೊಳ್ಳುವುದೇ ಬೇಡ ಅನ್ನುವವಳು ನಾನು.

ಕೊಳ್ಳಬಾರದ ವಸ್ತುಗಳ ಬಗ್ಗೆಯೂ ಹೇಳಲೇಬೇಕು. ಬಚ್ಚಲು ತೊಳೆಯುವ ಆಸಿಡ್ ಅಂತ ಕೊಡುವುದು ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಸಿಡ್. ಹಾರ್ಪಿಕ್‌ನಂತಹ ಟಾಯ್ಲೆಟ್ ಕ್ಲೀನರ್‌ನಲ್ಲೂ ಇರುವುದು ಅದೇ, ತೆಳುವಾಗಿ. ಉಪ್ಪುನೀರಿನ ಬಿಳಿ ಕಲೆ ತೆಗೆಯಲು ಅದು ಸರಿ. ಕೂದಲನ್ನು ಅದು ಕರಗಿಸುವುದಿಲ್ಲ. ಟೈಲ್ಸ್ ಸಂದಿಯ ಸಿಮೆಂಟ್ ತಿನ್ನುತ್ತದೆ, ಸ್ಟೀಲ್ ಜಾಲಿ ಕಪ್ಪಾಗಿಸುತ್ತದೆ, ಹೊಗೆ ಎದೆಗೆ ಹಿಡಿಯುತ್ತದೆ. 2013ರಲ್ಲಿ ಸುಪ್ರೀಂ ಕೋರ್ಟು ಆಸಿಡ್ ಮಾರಾಟವನ್ನು ಬಿಗಿ ಮಾಡಿತು: ಕೊಳ್ಳುವವರ ಗುರುತು, ವಿಳಾಸ ಬರೆದುಕೊಳ್ಳಬೇಕು, 18 ವರ್ಷದೊಳಗಿನವರಿಗೆ ಕೊಡಲೇಬಾರದು. ಹುಡುಗಿಯರೇ ತುಂಬಿರುವ ಮನೆಯಲ್ಲಿ ಆ ಬಾಟಲಿ ಇಡುವುದು ನನಗೆ ಒಪ್ಪಿಗೆಯಿಲ್ಲ.

ಮೊಬೈಲಿನಲ್ಲಿ ಎಲ್ಲರೂ ತೋರಿಸುವ ಅಡುಗೆ ಸೋಡಾ, ವಿನೆಗರ್ ನೊರೆ ನೋಡಲು ಚೆಂದ. ಒಂದು ಕ್ಷಾರ, ಒಂದು ಆಮ್ಲ. ಎರಡೂ ಸೇರಿದರೆ ಒಂದರ ಶಕ್ತಿಯನ್ನು ಇನ್ನೊಂದು ಕಳೆಯುತ್ತದೆ. ನೊರೆ ಬರೀ ಕಾರ್ಬನ್ ಡೈಆಕ್ಸೈಡ್. ಕೂದಲು ಅಲುಗುವುದಿಲ್ಲ.

ಒಂದು ಮಾತು ಮಾತ್ರ ಗೋಡೆಯ ಮೇಲೆ ಬರೆದಿಡುವಂಥದ್ದು. ಒಂದು ಹಾಕಿ ಆಗಲಿಲ್ಲ ಅಂತ ಅದರ ಮೇಲೆ ಇನ್ನೊಂದು ಹಾಕಬೇಡಿ. ಕಾಸ್ಟಿಕ್ ಮೇಲೆ ಆಸಿಡ್ ಬಿದ್ದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಬ್ಲೀಚಿಂಗ್ ಪೌಡರ್ ಅಥವಾ ಬ್ಲೀಚ್ ದ್ರಾವಣದ ಮೇಲೆ ಟಾಯ್ಲೆಟ್ ಕ್ಲೀನರ್ ಬಿದ್ದರೆ ಕ್ಲೋರಿನ್ ಅನಿಲ ಬರುತ್ತದೆ. ಸಣ್ಣ ಬಚ್ಚಲು, ಮುಚ್ಚಿದ ಬಾಗಿಲು, ಒಳಗೆ ಒಬ್ಬಳೇ ಹೆಣ್ಣುಮಗಳು. ಆ ಸಂದರ್ಭ ನೆನೆಸಿಕೊಂಡರೇ ನನಗೆ ಭಯ.

ಬ್ಯಾಕ್ಟೀರಿಯಾ, ಎಂಜೈಮ್ ಇರುವ ದ್ರಾವಣಗಳೂ ಈಗ ಸಿಗುತ್ತವೆ. ಕಟ್ಟಿದ ಬಚ್ಚಲನ್ನು ಅವು ಬಿಡಿಸುವುದಿಲ್ಲ. ಕಟ್ಟದ ಹಾಗೆ, ವಾಸನೆ ಬಾರದ ಹಾಗೆ ನೋಡಿಕೊಳ್ಳಲು ರಾತ್ರಿ ಹಾಕಿಡಬಹುದು. ಸೆಪ್ಟಿಕ್ ಟ್ಯಾಂಕ್ ಇರುವ ಮನೆಯವರಿಗೆ ಇದು ವಾಸಿ, ಯಾಕೆಂದರೆ ಕಾಸ್ಟಿಕ್ ಮೇಲಿಂದ ಮೇಲೆ ಹೋದರೆ ಟ್ಯಾಂಕಿನಲ್ಲಿ ಕೊಳೆ ಅರಗಿಸುವ ಬ್ಯಾಕ್ಟೀರಿಯಾ ಸಾಯುತ್ತವೆ.

ಇಷ್ಟೆಲ್ಲಕ್ಕಿಂತ ಒಳ್ಳೆಯ ಖರೀದಿ ಜಾಲಿ ಮೇಲೆ ಇಡುವ ಸಿಲಿಕಾನ್ ಅಥವಾ ಸ್ಟೀಲ್ ಬಲೆ. ಜಾಲಿಯ ಅಳತೆ ತೊಗೊಂಡೇ ಅಂಗಡಿಗೆ ಹೋಗಿ. ನಾಲ್ಕು, ಐದು, ಆರು ಇಂಚು ಅಂತ ಬರುತ್ತವೆ, ಅಂದಾಜಿಗೆ ತಂದರೆ ಬದಿಯಿಂದ ಕೂದಲು ನುಸುಳುತ್ತದೆ. ತೀರಾ ಸಣ್ಣ ಕಣ್ಣಿನ ಬಲೆ ಬೇಡ, ಸೀಗೆಕಾಯಿ ಪುಡಿಗೇ ಮುಚ್ಚಿಹೋಗುತ್ತದೆ. ನಮ್ಮ ಹುಡುಗಿಯರಿಗೆ ನಾನು ಕೇಳಿಕೊಂಡಿರುವುದು ಎರಡೇ: ತಲೆಗೆ ನೀರು ಹಾಕಿಕೊಳ್ಳುವ ಮೊದಲು ಒಣಗೂದಲನ್ನು ಒಮ್ಮೆ ಬಾಚಿಕೊಳ್ಳಿ, ಸ್ನಾನ ಮುಗಿದ ಮೇಲೆ ಬಲೆಯ ಮೇಲಿನದನ್ನು ನೀವೇ ತೆಗೆದು ಡಬ್ಬಿಗೆ ಹಾಕಿ. ಬಚ್ಚಲು ತೊಳೆಯಲು ಬರುವ ಅಕ್ಕ ಇನ್ನೊಬ್ಬರ ಕೂದಲನ್ನು ಬರಿಗೈಲಿ ತೆಗೆಯುವುದು ನನಗೆ ಸರಿ ಕಾಣುವುದಿಲ್ಲ. ಅವರಿಗೆ ಮೊಣಕೈವರೆಗಿನ ದಪ್ಪ ಗ್ಲೌಸ್ ಕೊಡಿಸಿದ್ದೇನೆ. ಪೌಡರ್ ಹಾಕುವ ಕೆಲಸ ಅವರಿಗೆ ಹೇಳುವುದಿಲ್ಲ, ನಾನೇ ಮಾಡುತ್ತೇನೆ.

ಪಟ್ಟಿ, ಸ್ಪ್ರಿಂಗ್, ಒಂದು ಸಲ ಪೌಡರ್, ಇಷ್ಟಾದರೂ ನೀರು ಇಳಿಯದಿದ್ದರೆ ಎರಡನೇ ಪ್ಯಾಕೆಟ್ ಒಡೆಯಬೇಡಿ. ಪ್ಲಂಬರ್‌ಗೆ ಫೋನ್ ಮಾಡಿ. ಮಾಡಿದಾಗ ಮೊದಲ ಮಾತಿಗೇ ಹೇಳಿ, "ಅಣ್ಣಾ, ಒಳಗೆ ಕಾಸ್ಟಿಕ್ ಹಾಕೇನ್ರೀ, ಕೈ ಹಾಕಬ್ಯಾಡ್ರಿ" ಅಂತ. ಅಲ್ಲಿ ನಿಂತಿರುವ ನೀರು ನೋಡಲು ಬರೀ ನೀರಿನ ಹಾಗೇ ಇರುತ್ತದೆ, ಹೇಳದಿದ್ದರೆ ಅವರಿಗೆ ಗೊತ್ತಾಗುವುದಿಲ್ಲ.