ಹಳೇ ಕಾಲದ ಕ್ರಿಸ್‌ಮಸ್ ಮನೆಗೆ ರಿಪ್ರೊಡಕ್ಷನ್ ಅಲಂಕಾರ ಹುಡುಕಿದ್ದು: ನನ್ನ ಅನುಭವ

ನಮ್ಮಜ್ಜಿ ಡಬ್ಬದಲ್ಲಿ ಉಳಿದಿದ್ದು ಕ್ರಿಸ್‌ಮಸ್ ಮರಕ್ಕೆ ಕಟ್ಟೋ ಕೆಲವೇ ಗಾಜಿನ ಗುಂಡುಗಳು, ಒಂದು ಗಂಟೆ ಆಕಾರದ್ದು, ಮತ್ತೆ ಮಧ್ಯದಲ್ಲಿ ಹೂವಿನ ಥರ ಒಳಕ್ಕೆ ತಗ್ಗಾಗಿರೋದು ಒಂದು, ಅದಕ್ಕೆ ಇಂಡೆಂಟ್ ಅಂತಾರೆ. ಅಷ್ಟರಲ್ಲಿ ಮರ ತುಂಬಲ್ಲ. ಒರಿಜಿನಲ್ ಹಳೇ ಸಾಮಾನೇ ಕೊಂಡು ತುಂಬಿಸೋಣ ಅಂದ್ರೆ ರೇಟು ಜಾಸ್ತಿ, ಬಣ್ಣ ಉದುರಿರುತ್ತೆ, ಲೈಟು ಸರಗಳನ್ನಂತೂ ಪ್ಲಗ್ಗಿಗೆ ಹಾಕೋಕೇ ಧೈರ್ಯ ಬರಲ್ಲ. ಹಂಗಾಗಿ ರಿಪ್ರೊಡಕ್ಷನ್ ಅಂದ್ರೆ ಹಳೇ ಮಾದರಿಯಲ್ಲೇ ಈಗ ಹೊಸದಾಗಿ ಮಾಡಿರೋದನ್ನ ಹುಡುಕೋಕೆ ಶುರು ಮಾಡಿದೆ, ಆ ಹುಡುಕಾಟ ಇನ್ನೂ ನಿಂತಿಲ್ಲ, ಆದ್ರೆ ಈಗ ಯಾವುದು ಮನೆಗೆ ಬರಬೇಕು ಯಾವುದು ಬೇಡ ಅನ್ನೋದು ಚೆನ್ನಾಗಿ ಗೊತ್ತಾಗಿದೆ.

ನಾನು ಕಂಡುಕೊಂಡಿದ್ದು ಏನಂದ್ರೆ, ಹಳೇ ಡಿಸೈನ್ ಕಾಪಿ ಮಾಡಿದ ಮಾತ್ರಕ್ಕೆ ಹಳೇ ಕಳೆ ಬರಲ್ಲ, ಆಗ ಯಾವ ಸಾಮಾನಿಂದ ಯಾವ ರೀತಿ ಮಾಡ್ತಿದ್ರೋ ಈಗ್ಲೂ ಹಂಗೇ ಮಾಡಿದ್ರೆ ಮಾತ್ರ ಬರುತ್ತೆ. ಪ್ಲಾಸ್ಟಿಕ್ ಗುಂಡಿನ ಮೇಲೆ ಐವತ್ತರ ದಶಕದ ಪಟ್ಟೆ ಬರೆದ್ರೆ ಫೋಟೋದಲ್ಲಿ ಚೆನ್ನಾಗೇ ಕಾಣುತ್ತೆ, ಸಂಜೆ ಲೈಟ್ ಹಾಕಿದಾಗ ಅದು ಸುಮ್ನೆ ನೇತಾಡ್ತಿರುತ್ತೆ ಅಷ್ಟೇ. ಅದೇ ತೆಳು ಗಾಜು, ಒಳಗಡೆ ಬೆಳ್ಳಿ ಲೇಪ ಇದ್ರೆ ಪಕ್ಕದ ಬಲ್ಬಿನ ಬೆಳಕನ್ನ ಎಳ್ಕೊಂಡು ಇಡೀ ಮರಕ್ಕೆ ಹಂಚುತ್ತೆ. ಆದ್ದರಿಂದ ಯಾವ್ದೇ ವಸ್ತು ನೋಡಿದ್ರೂ ನನ್ನ ಮೊದಲ ಪ್ರಶ್ನೆ, ಇದನ್ನ ಹೆಂಗೆ ಮಾಡಿದಾರೆ?

ಕೊಳ್ಳೋಕೆ ಮುಂಚೆ ಒಂದು ಕಾಲ ಆರಿಸ್ಕೊಳ್ಳಿ, ಇದು ತುಂಬಾ ಮುಖ್ಯ. ಯಾಕಂದ್ರೆ ವಿಂಟೇಜ್ ಅನ್ನೋ ಒಂದೇ ಹೆಸರಲ್ಲಿ ಏನೇನೋ ಮಾರ್ತಾರೆ, 1880ರ ಕಾಲದ ಡ್ರೆಸ್ಡನ್ ಅಂದ್ರೆ ಉಬ್ಬಚ್ಚು ಒತ್ತಿ ಚಿನ್ನ ಬೆಳ್ಳಿ ಬಣ್ಣ ಕೊಟ್ಟ ರಟ್ಟಿನ ಪ್ರಾಣಿ ಗಾಡಿಗಳು, ಹತ್ತಿಯಲ್ಲಿ ಸುತ್ತಿ ಮಾಡಿದ ಸಾಂಟಾ, ಆಮೇಲೆ 1950ರ ಪಟ್ಟೆ ಪಟ್ಟೆ ಗುಂಡುಗಳು, 1960ರ ಅಲ್ಯೂಮಿನಿಯಂ ಮರ, 70ರ ಸೆರಾಮಿಕ್ ಮರ, ಎಲ್ಲಾ ಒಂದೇ ಕಡೆ. ಎಲ್ಲಾ ತಂದು ಒಂದೇ ರೂಮಲ್ಲಿ ಇಟ್ರೆ ಅಂಗಡಿ ಶೋಕೇಸ್ ಥರ ಕಾಣುತ್ತೆ, ಯಾರೋ ವಾಸ ಮಾಡಿದ ಮನೆ ಅನ್ಸಲ್ಲ. ನಾನು ಅಜ್ಜಿ ಡಬ್ಬದಲ್ಲಿ ಇದ್ದಿದ್ದನ್ನ ನೋಡಿ 1940ರಿಂದ 50ರ ಕೊನೆವರೆಗೆ ಅಂತ ಗೆರೆ ಹಾಕ್ಕೊಂಡೆ. ಅದಕ್ಕಿಂತ ಹಳೇದು ಸ್ವಲ್ಪ ಸೇರಬಹುದು, ಯಾಕಂದ್ರೆ ಯಾವ ಮನೇಲೂ ಹಿಂದಿನ ತಲೆಮಾರಿನ ಒಂದೆರಡು ವಸ್ತು ಇದ್ದೇ ಇರುತ್ತೆ, ಆದ್ರೆ ಮುಂದಿನ ಕಾಲದ್ದು ಸೇರಬಾರದು.

ಈಗ ಗಾಜಿನ ಗುಂಡುಗಳ ವಿಷಯ, ನಂಗೆ ಅತೀ ಇಷ್ಟದ್ದು ಇದೇ. ಜರ್ಮನಿಯ ಥುರಿಂಜಿಯಾದಲ್ಲಿ ಲೌಶಾ ಅಂತ ಒಂದು ಊರು, 1597ರಲ್ಲೇ ಅಲ್ಲಿ ಗಾಜಿನ ಕುಲುಮೆ ಶುರುವಾಗಿತ್ತು. 19ನೇ ಶತಮಾನದ ಮಧ್ಯದ ಹೊತ್ತಿಗೆ ಅಲ್ಲಿನವರು ಮನೆಮನೆಯಲ್ಲೇ ಕೂತು ಮರಕ್ಕೆ ಕಟ್ಟೋ ಗುಂಡು ಊದ್ತಿದ್ರು. ಮೊದಮೊದಲು ಗಾಜು ದಪ್ಪ, 1867ರಲ್ಲಿ ಊರಿಗೆ ಗ್ಯಾಸ್ ಬಂತು, ಜ್ವಾಲೆ ಬಿಸಿಯಾಗಿ ಒಂದೇ ಸಮ ಉರಿಯೋಕೆ ಶುರುವಾದ್ಮೇಲೆ ತೆಳ್ಳಗೆ ಊದೋದು ಸಾಧ್ಯ ಆಯ್ತು. ಬೆಳ್ಳಿ ಲೇಪದ್ದು ಇನ್ನೊಂದು ಕತೆ, ರಸಾಯನಶಾಸ್ತ್ರಜ್ಞ ಯುಸ್ಟುಸ್ ಫಾನ್ ಲೀಬಿಗ್ ಗಾಜಿಗೆ ಬೆಳ್ಳಿ ಹಿಡಿಸೋ ವಿಧಾನ ತೋರಿಸಿಕೊಟ್ಟಿದ್ರು, ಸಿಲ್ವರ್ ನೈಟ್ರೇಟ್ ದ್ರಾವಣನ ಗುಂಡಿನ ಒಳಗೆ ಹಾಕಿ ಅಲ್ಲಾಡಿಸಿದ್ರೆ ಒಳಗೋಡೆಗೆಲ್ಲ ಬೆಳ್ಳಿ ಕೂರುತ್ತೆ, ಆಮೇಲೆ ಹೊರಗಡೆಯಿಂದ ಬಣ್ಣ. ಈ ಗುಂಡುಗಳನ್ನ 1880ರಲ್ಲಿ ಅಮೆರಿಕದ ವ್ಯಾಪಾರಿ ವುಲ್ವರ್ತ್ ತಮ್ಮ ಅಂಗಡಿಯಲ್ಲಿ ಮಾರೋಕೆ ಶುರು ಮಾಡಿದ್ಮೇಲೇ ಅಮೆರಿಕದ ಮನೆಮನೆಗೆ ತಲುಪಿದ್ದು.

ಇದನ್ನೆಲ್ಲ ಯಾಕೆ ಹೇಳ್ದೆ ಅಂದ್ರೆ ಕೊಳ್ಳುವಾಗ ನಾನು ನೋಡೋದು ಇವನ್ನೇ. ವಿವರದಲ್ಲಿ ಮೌತ್ ಬ್ಲೋನ್, ಅಂದ್ರೆ ಬಾಯಿಂದ ಊದಿದ್ದು, ಅಂತ ಇದ್ಯಾ, ಒಳಗಡೆ ಸಿಲ್ವರ್ ಮಾಡಿದಾರಾ ಅಥವಾ ಹೊರಗಡೆ ಮೆಟಾಲಿಕ್ ಪೇಂಟ್ ಅಷ್ಟೇನಾ, ಹಳೇ ಅಚ್ಚಿನಿಂದ ತೆಗೆದದ್ದಾ. ಮಾರೋರಿಗೆ ಮೆಸೇಜ್ ಮಾಡಿ ಗುಂಡಿನ ತಲೆ ಮೇಲಿನ ಕ್ಯಾಪ್ ತೆಗೆದು ಕುತ್ತಿಗೆಯ ಒಂದು ಫೋಟೋ ಕಳ್ಸಿ ಅಂತ ಕೇಳ್ತೀನಿ, ಗೊತ್ತಿದ್ದು ಮಾರೋರು ಬೇಜಾರು ಮಾಡ್ಕೊಳ್ಳಲ್ಲ ಕಳಿಸ್ತಾರೆ. ಒಳಗೆ ಕನ್ನಡಿ ಥರ ಹೊಳೀತಿದ್ರೆ ಬೆಳ್ಳಿ ಲೇಪ ಇದೆ ಅಂತ. ಜರ್ಮನಿಯಲ್ಲಿ ಈಗ್ಲೂ ಹಳೇ ಅಚ್ಚುಗಳಲ್ಲಿ ಊದೋ ಮನೆತನಗಳಿವೆ, ಇಂಗೆ ಗ್ಲಾಸ್ ಅದರಲ್ಲಿ ಒಂದು, ಅವರ ಕ್ಯಾಪ್ ನಕ್ಷತ್ರದ ಆಕಾರದಲ್ಲಿರುತ್ತೆ, ದೂರದಿಂದ್ಲೇ ಗುರುತು ಸಿಗುತ್ತೆ. ಪೋಲೆಂಡಲ್ಲೂ ಕೈಯಿಂದ ಊದಿ ಕೈಯಿಂದಲೇ ಬಣ್ಣ ಹಾಕೋರು ಬೇಕಾದಷ್ಟು ಜನ ಇದಾರೆ.

ನನ್ನ ಕಾಲಕ್ಕೆ ಸರಿಯಾಗಿ ಬೇಕಾಗಿದ್ದು ಮಾತ್ರ ಶೈನಿ ಬ್ರೈಟ್ ಅನ್ನೋ ಅಮೆರಿಕದ ಬ್ರ್ಯಾಂಡಿನ ಗುಂಡುಗಳು. ಮ್ಯಾಕ್ಸ್ ಎಕ್‌ಹಾರ್ಟ್ ಅನ್ನೋರು ಜರ್ಮನಿಯಿಂದ ಗುಂಡು ತರಿಸಿ ಮಾರ್ತಿದ್ರು, ಎರಡನೇ ಮಹಾಯುದ್ಧ ಬಂದ್ರೆ ಸಪ್ಲೈ ನಿಂತುಹೋಗುತ್ತೆ ಅಂತ ಮುಂಚೇನೇ ಅಂದಾಜು ಮಾಡಿ ಅಮೆರಿಕದಲ್ಲೇ ಮಾಡಿಸೋಕೆ ಹೊರಟ್ರು, ಕಾರ್ನಿಂಗ್ ಗಾಜಿನ ಕಂಪನಿ ಬಲ್ಬಿನ ಬುರುಡೆ ಮಾಡೋ ತನ್ನ ಮೆಷಿನ್ನನ್ನೇ ಇದಕ್ಕೆ ಹೊಂದಿಸ್ತು. ಯುದ್ಧದ ವರ್ಷಗಳಲ್ಲಿ ಲೋಹಕ್ಕೆ ಅಭಾವ, ಒಳಗೆ ಬೆಳ್ಳಿ ಇಲ್ಲ, ಪಾರದರ್ಶಕ ಗಾಜಿನ ಮೇಲೆ ತೆಳು ಬಣ್ಣದ ಪಟ್ಟೆ, ತಲೆ ಮೇಲೆ ಲೋಹದ ಕ್ಯಾಪ್ ಬದಲು ರಟ್ಟಿನ ಕ್ಯಾಪ್. ಆ ಬಡತನದ ಗುಂಡುಗಳು ನಂಗೆ ಎಲ್ಲಕ್ಕಿಂತ ಚಂದ ಅನ್ಸುತ್ತೆ, ಹಿಂದೆ ಬಲ್ಬ್ ಇಟ್ರೆ ಬೆಳಕು ಅದರೊಳಗೆ ಹಾದು ಬರುತ್ತೆ. ಈ ಶೈನಿ ಬ್ರೈಟ್ ಹೆಸರನ್ನ ಆಮೇಲೆ ಕ್ರಿಸ್ಟೋಫರ್ ರಾಡ್ಕೊ ಕಂಪನಿ ತಗೊಂಡು ಅದೇ ಡಿಸೈನುಗಳನ್ನ ಮತ್ತೆ ತಂತು. ಗಾಜೇ, ಬಣ್ಣಗಳೂ ಆ ಕಾಲದ್ದೇ, ಡಬ್ಬನೂ ಹಳೇ ಡಬ್ಬದ ಹಂಗೇ. ಅಜ್ಜಿ ಗುಂಡಿನ ಪಕ್ಕ ಇಟ್ಟು ನೋಡಿದ್ರೆ ಹೊಸದು ಜಾಸ್ತಿ ಗಾಢ, ಹಳೇದು ಮಂಕಾಗಿದೆ, ಅದು ವಯಸ್ಸಿನ ವ್ಯತ್ಯಾಸ. ಕೆಲವರು ಹೊಸ ಗುಂಡಿಗೆ ಮಸಿ ಬಳಿದು, ಸ್ಯಾಂಡ್ ಪೇಪರ್ ತಿಕ್ಕಿ ಹಳೇದು ಮಾಡ್ತಾರೆ, ನಂಗೆ ಅದು ಹಿಡಿಸಲ್ಲ. ಅಜ್ಜಿ ಕೊಂಡ ದಿನ ಆ ಗುಂಡು ಹೊಸದಾಗೇ ಹೊಳೀತಿತ್ತಲ್ವಾ.

ಹಳೇದು ಅಂತ ಹೇಳಿ ಹೊಸದನ್ನ ಮಾರೋರೂ ಇದಾರೆ, ಅದಕ್ಕೆ ಕ್ಯಾಪ್ ಮೇಲಿನ ಬರಹ ಓದೋ ಅಭ್ಯಾಸ ಮಾಡ್ಕೊಳ್ಳಿ. ವೆಸ್ಟ್ ಜರ್ಮನಿ ಅಂತ ಒತ್ತಿದ್ರೆ ಅದು 1949ರಿಂದ 1990ರ ಒಳಗಿನದ್ದು, ಆ ದೇಶ ಇದ್ದಿದ್ದೇ ಅಷ್ಟು ವರ್ಷ. ಆದ್ರೆ ಕ್ಯಾಪ್ ಬದಲಾಯಿಸೋದು ಸುಲಭ, ಅದೊಂದನ್ನೇ ನಂಬಬೇಡಿ, ಕುತ್ತಿಗೆ ಒಳಗಿನ ಬೆಳ್ಳಿ ಕಪ್ಪಾಗಿದ್ಯಾ, ಬಣ್ಣದಲ್ಲಿ ಸಣ್ಣ ಸಣ್ಣ ಬಿರುಕು ಇದ್ಯಾ ಅಂತನೂ ನೋಡಿ. ರಿಪ್ರೊಡಕ್ಷನ್ ಅಂತ ಬಾಯಿಬಿಟ್ಟು ಹೇಳಿ ಮಾರೋರ ಹತ್ರನೇ ನಾನು ವ್ಯವಹಾರ ಮಾಡೋದು. ಹುಡುಕುವಾಗ್ಲೂ ಬರೀ ವಿಂಟೇಜ್ ಸ್ಟೈಲ್ ಅಂತ ಟೈಪ್ ಮಾಡಿದ್ರೆ ಪ್ಲಾಸ್ಟಿಕ್ ರಾಶಿ ಬರುತ್ತೆ, ವಸ್ತುವಿನ ನಿಜವಾದ ಹೆಸರು ಹಾಕಿ, ಇಂಡೆಂಟ್, ಟಿಯರ್‌ಡ್ರಾಪ್ (ಹನಿ ಆಕಾರದ ಗುಂಡು), ಫೆದರ್ ಟ್ರೀ (ಪುಕ್ಕದ ಮರ), ಪುಟ್ಜ್ ಹೌಸ್ (ರಟ್ಟಿನ ಪುಟಾಣಿ ಮನೆ), ಬಾಟಲ್ ಬ್ರಷ್ ಟ್ರೀ (ಬಾಟ್ಲಿ ತೊಳೆಯೋ ಬ್ರಷ್ಷಿನ ಥರದ ಪುಟ್ಟ ಮರ), ಹಿಂಗೆ.

ಮಣಿಸರಕ್ಕೆ ಮಾತ್ರ ರಿಪ್ರೊಡಕ್ಷನ್ ಹುಡುಕೋ ಅವಶ್ಯಕತೆನೇ ಬೀಳಲಿಲ್ಲ, ಯಾಕಂದ್ರೆ ಅದು ನಿಂತೇ ಇಲ್ಲ. ಚೆಕ್ ದೇಶದ ಪೊನಿಕ್ಲಾ ಅನ್ನೋ ಹಳ್ಳಿಯಲ್ಲಿ ಇವತ್ತಿಗೂ ಗಾಜಿನ ಕೊಳವೆನ ಅಚ್ಚಿನಲ್ಲಿಟ್ಟು ಊದಿ, ಬೆಳ್ಳಿ ಹಾಕಿ, ಬಣ್ಣ ಹಾಕಿ, ಮಣಿ ಕತ್ತರಿಸಿ ತಂತಿಗೆ ಪೋಣಿಸಿ ನಕ್ಷತ್ರ, ಸೈಕಲ್ಲು, ಜೇಡ ಏನೇನೋ ಮಾಡ್ತಾರೆ, 2020ರಲ್ಲಿ ಯುನೆಸ್ಕೋ ಈ ಕೆಲಸನ ತನ್ನ ಪರಂಪರೆಯ ಪಟ್ಟಿಗೆ ಸೇರಿಸ್ತು. ಮರದ ಮೇಲೆ ಗಾಜಿನ ಮಣಿಸರ ಒಂದಿದ್ರೆ ಉಳಿದ ಅಲಂಕಾರ ಕಮ್ಮಿ ಇದ್ರೂ ನಡೆಯುತ್ತೆ, ದುಡ್ಡು ಒಂದೇ ಕಡೆ ಹಾಕೋದಾದ್ರೆ ನಾನು ಇಲ್ಲೇ ಹಾಕು ಅಂತೀನಿ.

ಲೈಟು, ಟಿನ್ಸೆಲ್, ಹಿಮ, ಈ ಮೂರರಲ್ಲಿ ಒರಿಜಿನಲ್ ಬೇಡವೇ ಬೇಡ, ಇದನ್ನ ಗಟ್ಟಿಯಾಗಿ ಹೇಳ್ತೀನಿ. ಹಳೇ ವೈರಿನ ರಬ್ಬರು ಬಟ್ಟೆ ಎಲ್ಲಾ ಒಣಗಿ ಬಿರುಕು ಬಿಟ್ಟಿರುತ್ತೆ. ಹಳೇ ಟಿನ್ಸೆಲ್ ಅಂದ್ರೆ ಕೊಂಬೆಯಿಂದ ನೇರ ಇಳಿಬೀಳೋ ಆ ಬೆಳ್ಳಿ ಎಳೆಗಳು ಸೀಸದ್ದು, ಭಾರ ಇತ್ತು ಅದಕ್ಕೇ ಅಷ್ಟು ನೀಟಾಗಿ ಇಳಿಬೀಳ್ತಿತ್ತು, ಮಕ್ಕಳಿಗೆ ಅಪಾಯ ಅಂತ ಅಮೆರಿಕದಲ್ಲಿ 1972ರಿಂದ ನಿಲ್ಲಿಸಿದ್ರು. ಈಗಿನದ್ದು ಪ್ಲಾಸ್ಟಿಕ್, ಹಗುರ, ಗಾಳಿಗೆ ಹಾರುತ್ತೆ, ಮೈಗೆ ಅಂಟುತ್ತೆ. ನಾನು ಒಂದೊಂದೇ ಎಳೆ ತಗೊಂಡು ಕೊಂಬೆಯ ತುದಿಗೆ ಹಾಕ್ತೀನಿ, ಹಿಡಿಯಷ್ಟು ಎಸೆದ್ರೆ ಮುದ್ದೆಯಾಗುತ್ತೆ. ಸಾಕುಪ್ರಾಣಿ ಇರೋ ಮನೇಲಿ ಇದೂ ಬೇಡ, ಬೆಕ್ಕು ನುಂಗಿದ್ರೆ ಕರುಳಿಗೆ ಸಿಕ್ಕಿಹಾಕ್ಕೊಳ್ಳುತ್ತೆ. ಇನ್ನು ಹಿಮ, ಒಂದು ಕಾಲದಲ್ಲಿ ಮರಕ್ಕೆ ಉದುರಿಸೋ ಕೃತಕ ಹಿಮ ಅಂತ ಆಸ್ಬೆಸ್ಟಾಸ್ ಮಾರ್ತಿದ್ರು! ಹಳೇ ಡಬ್ಬದಲ್ಲಿ ಬಿಳಿ ನಾರಿನ ಪುಡಿ ಕಂಡ್ರೆ ಊದಬೇಡಿ ಕೊಡವಬೇಡಿ, ಮುಚ್ಚಿಡಿ. ಹಿಮಕ್ಕೆ ನಾನು ಹತ್ತಿ ಹಾಸಿ ಮೇಲೆ ಸ್ವಲ್ಪ ಕಾಗೆಬಂಗಾರದ ಚೂರು ಉದುರಿಸ್ತೀನಿ, ಅದೂ ಆ ಕಾಲದ ಸಾಮಾನೇ.

ಬಲ್ಬಲ್ಲಿ ಆ ಕಾಲದ ಸೈಜು ಮುಖ್ಯ. ಈಗಿನ ಅಕ್ಕಿಕಾಳಿನಷ್ಟು ಚಿಕ್ಕ ಲೈಟುಗಳು ಎಷ್ಟೇ ಚೆನ್ನಾಗಿದ್ರೂ ಐವತ್ತರ ಮರಕ್ಕೆ ಒಗ್ಗಲ್ಲ, ಆಗ ಇದ್ದಿದ್ದು ಸಿ7, ಸಿ9 ಅನ್ನೋ ದಪ್ಪ ಬಲ್ಬು. ಎಲ್‌ಇಡಿಯಲ್ಲೂ ಈ ಸೈಜು ಸಿಗುತ್ತೆ, ಅದರಲ್ಲಿ ಪಟ್ಟಿಪಟ್ಟಿ ಪ್ಲಾಸ್ಟಿಕ್ ಕವಚದ್ದು ಬಿಟ್ಟು ನುಣುಪಾದ ಗಾಜಿಗೆ ಒತ್ತಾಗಿ ಬಣ್ಣ ಬಳಿದಿರೋದನ್ನ ತಗೊಳ್ಳಿ, ಬೆಳಕು ಮೆತ್ತಗೆ ಬರುತ್ತೆ, ಬಿಸಿನೂ ಆಗಲ್ಲ. ಬೆಚ್ಚಗಿನ ಬಣ್ಣ ಅಂದ್ರೆ ವಾರ್ಮ್ ಟೋನ್, ನೀಲಿ ಕಣ್ಣಿಗೆ ಚುಚ್ಚಬಾರದು. ಬಬಲ್ ಲೈಟ್, ಅಂದ್ರೆ ಕೊಳವೆಯೊಳಗೆ ಗುಳ್ಳೆ ಏಳೋ ಲೈಟು, ಬೇಕೇಬೇಕು ಅನ್ನೋರು ಇರ್ತಾರೆ, ನಾನೂ ಅದೇ ಗುಂಪು. ನೋಮಾ ಕಂಪನಿ 1946ರಲ್ಲಿ ಮಾರುಕಟ್ಟೆಗೆ ತಂದಿದ್ದು, ಕೊಳವೆಯೊಳಗಿನ ದ್ರವ ಮೆಥಿಲೀನ್ ಕ್ಲೋರೈಡ್, ಅದು 40 ಡಿಗ್ರಿ ಹತ್ರನೇ ಕುದಿಯುತ್ತೆ, ಕೆಳಗಿನ ಬಲ್ಬಿನ ಬಿಸಿಯೇ ಸಾಕು. ಹೊಸದಾಗಿ ಮಾಡಿರೋದು ಸಿಗುತ್ತೆ. ನೆಟ್ಟಗೆ ನಿಲ್ಲಿಸ್ಬೇಕು, ಓರೆಯಾದ್ರೆ ಗುಳ್ಳೆ ಸರಿಯಾಗಿ ಏಳಲ್ಲ, ಹಾಕಿದ ತಕ್ಷಣ ಏಳಲ್ಲ ಬಿಸಿಯಾಗೋಕೆ ಸ್ವಲ್ಪ ಹೊತ್ತು ಬಿಡಬೇಕು, ಮಕ್ಕಳ ಕೈಗೆ ಸಿಗೋ ಎತ್ತರದಲ್ಲಿ ಬೇಡ ಯಾಕಂದ್ರೆ ಆ ದ್ರವ ವಿಷ, ಒಡೆದ್ರೆ ಕಿಟಕಿ ತೆಗೆದು ಕೈಗವಸು ಹಾಕ್ಕೊಂಡು ಒರೆಸಿ. ಮತ್ತೆ ವೋಲ್ಟೇಜ್! ಇಂಥ ಸರಗಳಲ್ಲಿ ಬಹಳಷ್ಟು 120 ವೋಲ್ಟಿಗೆ ಮಾಡಿರೋವು, 230 ವೋಲ್ಟ್ ಇರೋ ಮನೇಲಿ ನೇರ ಹಾಕಿದ್ರೆ ಸುಟ್ಟುಹೋಗುತ್ತೆ, ಪ್ಲಗ್ಗಿನ ತುದಿ ಅಡಾಪ್ಟರ್ ಒಂದೇ ಸಾಲದು, ವೋಲ್ಟೇಜ್ ಇಳಿಸೋ ಟ್ರಾನ್ಸ್‌ಫಾರ್ಮರ್ ಬೇಕು, ಅದರ ಕೆಪಾಸಿಟಿ ಸರದ ಒಟ್ಟು ವ್ಯಾಟಿಗಿಂತ ಜಾಸ್ತಿ ಇರ್ಬೇಕು.

ಮರದ ಬಗ್ಗೆ ಯಾರೂ ಹೇಳದೇ ಇರೋ ಒಂದು ವಿಷಯ, ಅದು ತುಂಬಾ ಒತ್ತಾಗಿರಬಾರದು. ಈಗಿನ ಕೃತಕ ಮರಗಳು ದಟ್ಟ, ಗುಂಡುಗಳೆಲ್ಲ ಮೇಲ್ಮೈಗೆ ಅಂಟಿಸಿದ ಹಂಗೆ ಕೂರ್ತಾವೆ. ಹಳೇ ಮರಗಳಲ್ಲಿ ಕೊಂಬೆ ಕೊಂಬೆ ಮಧ್ಯ ಜಾಗ ಇರ್ತಿತ್ತು, ಗುಂಡು ಗಾಳಿಯಲ್ಲಿ ತೂಗಾಡ್ತಿತ್ತು. ಜರ್ಮನಿಯ ಫೆದರ್ ಟ್ರೀ, ಅಂದ್ರೆ ಹಸಿರು ಬಣ್ಣ ಹಾಕಿದ ಹೆಬ್ಬಾತಿನ ಪುಕ್ಕನ ತಂತಿಗೆ ಸುತ್ತಿ ಮಾಡ್ತಿದ್ದ ಮರ, ಅದರ ರಿಪ್ರೊಡಕ್ಷನ್ ಈಗ್ಲೂ ಸಿಗುತ್ತೆ, ಚಿಕ್ಕದೊಂದು ಮೇಜಿನ ಮೇಲಿಟ್ರೆ ಅಜ್ಜಿ ಕಾಲದ ಗುಂಡುಗಳಿಗೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ. ದೊಡ್ಡದಕ್ಕೆ ನಾನು ಮಾಡಿದ್ದು ಮಾಮೂಲಿ ಮರದಲ್ಲೇ ಅಲ್ಲೊಂದು ಇಲ್ಲೊಂದು ಕೊಂಬೆ ತೆಗೆದು ಜಾಗ ಬಿಡಿಸಿದ್ದು, ಅಷ್ಟಕ್ಕೇ ರೂಪ ಬದಲಾಯ್ತು. ಅಲ್ಯೂಮಿನಿಯಂ ಮರ ಇಷ್ಟ ಇರೋರಿಗೆ, ಅದು 1959ರಲ್ಲಿ ವಿಸ್ಕಾನ್ಸಿನ್ನಿನ ಮ್ಯಾನಿಟೊವಾಕ್‌ನಿಂದ ಎವರ್‌ಗ್ಲೀಮ್ ಅನ್ನೋ ಹೆಸರಲ್ಲಿ ಬಂದು ಹೆಸರು ಮಾಡಿದ್ದು, ಅದರ ಮೇಲೆ ಲೈಟ್ ಸರ ಹಾಕಲೇಬಾರದು, ಲೋಹ, ಶಾಕ್ ಹೊಡೆಯುತ್ತೆ. ನೆಲದ ಮೇಲೆ ಕಲರ್ ವೀಲ್, ಅಂದ್ರೆ ದೀಪದ ಮುಂದೆ ತಿರುಗೋ ಬಣ್ಣದ ಚಕ್ರ, ಇಟ್ಟು ಬೆಳಕು ಬಿಡ್ತಿದ್ರು, ಅದರ ಹೊಸ ಮಾದರಿಗಳೂ ಇವೆ.

ರಟ್ಟಿನ ಪುಟಾಣಿ ಮನೆಗಳನ್ನ, ಪುಟ್ಜ್ ಹೌಸ್ ಅಂತಾರಲ್ಲ, ಅವನ್ನ ನಾನು ಕೊಳ್ಳದೆ ನಾನೇ ಮಾಡಿದೆ. ಎರಡು ಮಹಾಯುದ್ಧಗಳ ಮಧ್ಯದ ಕಾಲದಲ್ಲಿ ಇವು ಜಪಾನಿನಿಂದ ರಾಶಿರಾಶಿ ಬರ್ತಿದ್ವು, ಹಿಂಗೋಡೆಯಲ್ಲಿ ಬಲ್ಬ್ ತೂರಿಸೋಕೆ ಒಂದು ತೂತು, ಕಿಟಕಿಗೆ ಬಣ್ಣದ ಹಾಳೆ. ತೆಳು ರಟ್ಟು ಕತ್ತರಿಸಿ ಅಂಟಿಸಿ ನೀಲಿ ಗುಲಾಬಿ ಬಣ್ಣ ಬಳಿದು, ಅಂಟು ಹಸಿ ಇರುವಾಗ್ಲೇ ಮಾಡಿಗೆ ಗಾಜಿನ ಗ್ಲಿಟರ್ ಉದುರಿಸಿದೆ. ಪ್ಲಾಸ್ಟಿಕ್ ಗ್ಲಿಟರ್ ಆದ್ರೆ ಕೊನೆವರೆಗೂ ಒಂದೇ ಹೊಳಪು, ಗಾಜಿನ ಗ್ಲಿಟರಿನ ಬೆಳ್ಳಿ ನಿಧಾನಕ್ಕೆ ಮಬ್ಬಾಗ್ತಾ ಹೋಗುತ್ತೆ, ಹಳೇತನ ತಾನಾಗೇ ಬರೋದು ಅಂದ್ರೆ ಇದು. ಮಾಡುವಾಗ ಮಾಸ್ಕ್ ಹಾಕ್ಕೊಳ್ಳಿ, ಅದು ನಿಜವಾಗ್ಲೂ ಗಾಜಿನ ಪುಡಿ, ಮಕ್ಕಳನ್ನ ಇದಕ್ಕೆ ಕೂರಿಸ್ಬೇಡಿ. ಒಳಗೆ ಎಲ್‌ಇಡಿ ಮಾತ್ರ, ಬಿಸಿ ಬಲ್ಬ್ ರಟ್ಟಿಗೆ ತಾಗಬಾರದು.

ಹಬ್ಬ ಮುಗಿದ್ಮೇಲೆ ಎತ್ತಿಡೋದರಲ್ಲೂ ಅಷ್ಟೇ ಕೆಲಸ ಇದೆ. ಒಳಗಿನ ಬೆಳ್ಳಿಗೂ ಹೊರಗಿನ ಬಣ್ಣಕ್ಕೂ ತೇವ ಆಗಲ್ಲ, ಅಟ್ಟದ ಸೆಕೆಯೂ ಒಳ್ಳೇದಲ್ಲ, ಹಂಗಾಗಿ ಮನೆಯೊಳಗೇ ಒಣಗಿರೋ ಕಪಾಟಿನಲ್ಲಿ, ಆಸಿಡ್ ಇಲ್ಲದ ಟಿಶ್ಯೂ ಪೇಪರಲ್ಲಿ ಸುತ್ತಿ, ಒಂದೊಂದಕ್ಕೂ ಬೇರೆ ಬೇರೆ ಖಾನೆ ಇರೋ ಡಬ್ಬದಲ್ಲಿ ಇಡ್ತೀನಿ. ನ್ಯೂಸ್‌ಪೇಪರ್ ಬೇಡ, ಮಸಿ ಹತ್ತುತ್ತೆ. ಹೊಸದಾಗಿ ಕೊಂಡಿದ್ದರ ಜೊತೆ ಮಾಡಿದವರ ಹೆಸರು, ಕೊಂಡ ವರ್ಷ ಬರೆದ ಚೀಟಿ ಇಡ್ತೀನಿ, ಮುಂದೆ ಯಾರ ಕೈಗೆ ಹೋದ್ರೂ ಯಾವುದು ಹಳೇದು ಯಾವುದು ಹೊಸದು ಅಂತ ತಬ್ಬಿಬ್ಬಾಗಬಾರದು. ಧೂಳಿಗೆ ಒಣಗಿದ ಮೆತ್ತನೆ ಬ್ರಷ್ ಸಾಕು. ನೀರು, ಸೋಪು, ಗಾಜು ಒರೆಸೋ ಸ್ಪ್ರೇ ಯಾವುದನ್ನೂ ತಾಗಿಸ್ಬೇಡಿ, ಗಾಜಿನ ಮೇಲಿನ ಬಣ್ಣ ಒರೆಸೋ ಬಟ್ಟೆಗೇ ಎದ್ದು ಬರುತ್ತೆ.