ಶ್ರುತಿ ಪೆಟ್ಟಿಗೆಗೆ ಕರೆಂಟು ಎಲ್ಲಿಂದ?

ಧಾರವಾಡದಲ್ಲಿ ಶ್ರುತಿ ಹಿಡಿಯುವ ಸಲಕರಣೆ ಮಾಡಿ ನಾಲ್ಕು ಜನರ ಮುಂದಿಟ್ಟರೆ ಯಾರ ಕಿವಿಯೂ ರಿಯಾಯಿತಿ ಕೊಡುವುದಿಲ್ಲ. ನಾನು ಕಟ್ಟಿಕೊಂಡಿರುವುದು 40106 ಎಂಬ ಒಂದೇ ಐಸಿಯ (ಚಿಪ್ಪಿನ) ಡ್ರೋನ್ ಪೆಟ್ಟಿಗೆ, ಅಂದರೆ ತಂಬೂರಿಯಂತೆ ಎಡೆಬಿಡದೆ ಶ್ರುತಿ ನುಡಿಸುವ ಪೆಟ್ಟಿಗೆ. ಅದರೊಳಗೆ, ವೋಲ್ಟೇಜ್ ಒಂದು ಮಟ್ಟ ದಾಟಿದಾಗ ತಟ್ಟನೆ ಸ್ಥಿತಿ ಬದಲಿಸುವ ಆರು ಸ್ಮಿಟ್ ಟ್ರಿಗರ್‌ಗಳಿವೆ. ಒಂದೊಂದಕ್ಕೂ ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಸೇರಿಸಿದರೆ ಆರು ಸ್ವರ ಸಿಗುತ್ತವೆ. 3ರಿಂದ 15 ವೋಲ್ಟ್‌ವರೆಗೆ ಎಷ್ಟು ಕೊಟ್ಟರೂ ಈ ಐಸಿ ನಡೆಯುತ್ತದೆ. ಆದರೆ ವೋಲ್ಟೇಜ್ ಅಲುಗಿದರೆ ಷಡ್ಜವೂ ಅಲುಗುತ್ತದೆ.

9 ವೋಲ್ಟ್ ಬ್ಯಾಟರಿಯಲ್ಲಿ ಗುಂಯ್ ಎನ್ನುವ ಸದ್ದೇ ಇಲ್ಲ, ಆದರೆ ಬಳಸಿದಂತೆಲ್ಲ ಅದು 7ರತ್ತ ಇಳಿಯುತ್ತದೆ. ಆರೂ ಸ್ವರ ಹೆಚ್ಚುಕಡಿಮೆ ಒಟ್ಟಿಗೇ ಜಾರುವುದರಿಂದ ಒಬ್ಬರೇ ರಿಯಾಜ್ ಮಾಡುವವರಿಗೆ ಗೊತ್ತೂ ಆಗದು. ಪಕ್ಕದಲ್ಲಿ ಹಾರ್ಮೋನಿಯಂ ಇದ್ದರೆ ಮುಗಿಯಿತು. ಪವರ್ ಬ್ಯಾಂಕ್ ನನಗೆ ಒಗ್ಗಲಿಲ್ಲ: ಇಷ್ಟು ಕಡಿಮೆ ಕರೆಂಟು ಎಳೆಯುವ ಪೆಟ್ಟಿಗೆಯನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳದೆ ತಾನಾಗಿ ಆರಿಹೋಗುತ್ತದೆ.

ಮನೆಯಲ್ಲಿ ನಾನು ಬಳಸುವುದು ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ಮಾದರಿಯ 12 ವೋಲ್ಟ್ ಡಿಸಿ ಅಡಾಪ್ಟರ್. ಕೈಯಲ್ಲಿ ಎತ್ತಿ ನೋಡಿದರೆ ಭಾರಕ್ಕೇ ತಿಳಿಯುತ್ತದೆ. ಹಗುರವಾಗಿದ್ದರೆ ಅದು ಸ್ವಿಚಿಂಗ್ ಜಾತಿಯದು, ಅಗ್ಗದ್ದಾದರೆ ಕೀಚಲು ದನಿ ಬೆರೆಸುತ್ತದೆ. ಲೋಡ್ ಇಲ್ಲದಾಗ (ಏನನ್ನೂ ಜೋಡಿಸದಿದ್ದಾಗ) ಮಲ್ಟಿಮೀಟರ್ 16–17 ತೋರಿಸಿದರೆ ಗಾಬರಿ ಬೇಡ, ಇಂಥ ಅಡಾಪ್ಟರಿನ ಗುಣವೇ ಅದು. ಮುಂದೆ 2200 ಮೈಕ್ರೋಫ್ಯಾರಡ್, 35 ವೋಲ್ಟಿನ ಕೆಪಾಸಿಟರ್, ಬಳಿಕ 7809 ರೆಗ್ಯುಲೇಟರ್. ಮನೆಯ ಕರೆಂಟಿನ ವೋಲ್ಟೇಜ್ ಏರಲಿ ಇಳಿಯಲಿ, ಹೊರಗೆ 9 ವೋಲ್ಟ್. ಕೆಪಾಸಿಟರಿನಲ್ಲಿ ಜಿಪುಣತನ ಮಾಡಿದರೆ 100 ಹರ್ಟ್ಸ್ ಗುಂಯ್‌ಕಾರ ನುಸುಳುತ್ತದೆ. ಕಾಳಿ ಒಂದರಲ್ಲಿ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯನ್ನು ಷಡ್ಜವಾಗಿಟ್ಟುಕೊಂಡು) ಹಾಡುವವರಿಗೆ ಅದು ಮಂದ್ರದ ತೀವ್ರ ಮಧ್ಯಮಕ್ಕೂ ಪಂಚಮಕ್ಕೂ ನಡುವೆ, ಯಾವ ರಾಗಕ್ಕೂ ಬೇಡವಾದ ಜಾಗದಲ್ಲಿ ಬಂದು ಕೂರುತ್ತದೆ!

ಕರೆಂಟು ಹೋಗುವ ಊರುಗಳಿಗೆ, ಗದಗ, ಹಾವೇರಿ ಕಡೆಯ ಬೈಠಕ್‌ಗಳಿಗೆ ಹೊರಟರೆ ಯುಪಿಎಸ್‌ನಲ್ಲಿರುವಂಥ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿಯನ್ನು ಒಯ್ಯುತ್ತೇನೆ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮೇಲು. 7809ಕ್ಕೆ 11 ವೋಲ್ಟಿನ ಆಸುಪಾಸು ಸಿಕ್ಕರೆ ಸಾಕು. ಬ್ಯಾಟರಿ ಹೆಚ್ಚೂಕಡಿಮೆ ಖಾಲಿಯಾಗುವವರೆಗೂ ಷಡ್ಜ ಕದಲುವುದಿಲ್ಲ. ಸ್ಪೀಕರ್ ಓಡಿಸುವ ಆಂಪ್ಲಿಫೈಯರನ್ನು ಮಾತ್ರ ರೆಗ್ಯುಲೇಟರಿನ ಹಿಂದಿನಿಂದ, ನೇರ ಬ್ಯಾಟರಿಗೆ ಜೋಡಿಸುತ್ತೇನೆ. ಪ್ಲಸ್ ತಂತಿಗೆ ಬ್ಯಾಟರಿಯ ಬುಡದಲ್ಲೇ ಒಂದು ಫ್ಯೂಸ್ ಇರಲೇಬೇಕು. ಶಾರ್ಟ್ ಆದರೆ ಈ ಬ್ಯಾಟರಿ ತಂತಿಯನ್ನು ಕೆಂಪಗೆ ಕಾಯಿಸಿಬಿಡುತ್ತದೆ.

ದನಿ ತಿದ್ದುವ ಆಪ್-ಆಂಪ್ (ಒಂದು ಬಗೆಯ ಆಂಪ್ಲಿಫೈಯರ್ ಐಸಿ) ಫಿಲ್ಟರ್ ಸೇರಿಸಲು ಪ್ಲಸ್, ಮೈನಸ್ ಎರಡೂ ಬೇಕೆಂದರೆ 12-0-12 ಟ್ರಾನ್ಸ್‌ಫಾರ್ಮರ್ ತಂದು 7812 (ಪ್ಲಸ್ 12ಕ್ಕೆ), 7912 (ಮೈನಸ್ 12ಕ್ಕೆ) ರೆಗ್ಯುಲೇಟರ್ ಜೋಡಿ ಹಾಕಬಹುದು. ನೋಡಲು ಎರಡೂ ಒಂದೇ. ಆದರೆ 7812ರ ಮೊದಲ ಕಾಲು ಇನ್‌ಪುಟ್, 7912ರದ್ದು ಗ್ರೌಂಡ್. ಬೆಸುಗೆ ಹಾಕುವ ಮುಂಚೆಯೇ ಬೋರ್ಡಿನ ಮೇಲೆ ಗುರುತು ಮಾಡಿಕೊಳ್ಳಿ.