ಪ್ರಿಂಟರ್ ಸರಿಯಿದೆ, ಮುದ್ರಣ ಸೇವೆ ಏಳುತ್ತಿಲ್ಲ: ಲಿನಕ್ಸ್‌ನಲ್ಲಿ ಏನು ಮಾಡಬೇಕು?

ಕೊಡಗಿನ ಮಳೆಗಾಲದಲ್ಲಿ ಕರೆಂಟ್ ಹೋಗುವುದಕ್ಕೆ ಹೊತ್ತುಗೊತ್ತಿಲ್ಲ. ನಾಪೋಕ್ಲು ಕಡೆಯ ಶಾಲೆಯೊಂದರಲ್ಲಿ ಹಾಗೆ ಹೋಗಿ ಬಂದ ಮೇಲೆ ಪ್ರಿಂಟ್ ನಿಂತಿತು. ಮರುದಿನ ಪರೀಕ್ಷೆ, ಪ್ರಶ್ನೆಪತ್ರಿಕೆ ಒಂದೂ ಅಚ್ಚಾಗಿರಲಿಲ್ಲ. ನಾನು ಹೋಗುವಷ್ಟರಲ್ಲಿ ಟೋನರ್, ಕೇಬಲ್ ಎರಡನ್ನೂ ಬದಲಿಸಿ ಸಂಜೆಯೆಲ್ಲ ಕಳೆದಿದ್ದರು.

ಲಿನಕ್ಸ್‌ನಲ್ಲಿ ಮುದ್ರಣದ ಹೊಣೆ ‘ಕಪ್ಸ್’ ಎಂಬ ಸೇವೆಯದು, ಅಂದರೆ ತೆರೆಮರೆಯಲ್ಲಿ ಓಡುವ ತಂತ್ರಾಂಶದ್ದು. ಪ್ರಿಂಟರನ್ನು ಮುಟ್ಟುವ ಮೊದಲು, ಆಜ್ಞೆ ಬರೆಯುವ ಕಿಟಕಿಯಾದ ಟರ್ಮಿನಲ್ ತೆರೆದು ‘ಎಲ್‌ಪಿಸ್ಟ್ಯಾಟ್ -ಆರ್’ ಎಂದು ಕೇಳಿ (ಇಲ್ಲಿನ ಆಜ್ಞೆಗಳನ್ನೆಲ್ಲ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಬರೆಯಬೇಕು). ಶೆಡ್ಯೂಲರ್, ಅಂದರೆ ಮುದ್ರಣದ ಸರದಿ ನೋಡಿಕೊಳ್ಳುವ ಕಪ್ಸ್‌ನ ಭಾಗ, ಓಡುತ್ತಿಲ್ಲ ಎಂಬ ಉತ್ತರ ಬಂದರೆ ‘ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಕಪ್ಸ್’ ಕೊಡಿ. ‘ಮಾಸ್ಕ್ಡ್’ ಎಂದಿದ್ದರೆ ಯಾರೋ ಸೇವೆಯನ್ನು ಕಟ್ಟಿಹಾಕಿದ್ದಾರೆ. ‘ಸುಡೊ ಸಿಸ್ಟಮ್‌ಸಿಟಿಎಲ್ ಅನ್‌ಮಾಸ್ಕ್ ಕಪ್ಸ್’ ಕೊಟ್ಟು, ನಂತರ ‘ಸ್ಟಾರ್ಟ್’ ಕೊಡಿ (‘ಸುಡೊ’ ಎಂದರೆ ನಿರ್ವಾಹಕರ ಅಧಿಕಾರದಲ್ಲಿ ಓಡಿಸು ಎಂದು). ‘ಫೇಲ್ಡ್’ ಎಂದಿದ್ದರೆ ಕಾರಣ ಹುಡುಕಬೇಕು. ಅದು ‘ಜರ್ನಲ್‌ಸಿಟಿಎಲ್ -ಯು ಕಪ್ಸ್ -ಬಿ’ ತೋರಿಸುವ ಕೊನೆಯ ಹತ್ತಿಪ್ಪತ್ತು ಸಾಲುಗಳಲ್ಲಿ ಬಹುಮಟ್ಟಿಗೆ ಸಿಗುತ್ತದೆ. ಇದನ್ನು ಓದದೆ ಕಪ್ಸನ್ನೇ ತೆಗೆದು ಮತ್ತೆ ಹಾಕುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಹಳೆಯ ಸೆಟ್ಟಿಂಗ್ ಕಡತ ಅಲ್ಲೇ ಉಳಿದು, ತಪ್ಪೂ ಉಳಿಯುವುದುಂಟು.

ಆ ಶಾಲೆಯಲ್ಲಿ ಕೈಕೊಟ್ಟದ್ದು ಈ ಕಡತವೇ. ‘ಸುಡೊ ಕಪ್ಸ್‌ಡಿ -ಟಿ’ ಎಂದರೆ ಸೇವೆಯನ್ನು ಓಡಿಸದೆ ಸೆಟ್ಟಿಂಗ್ ಮಾತ್ರ ಪರೀಕ್ಷೆಯಾಗುತ್ತದೆ, ತಪ್ಪಿದ್ದರೆ ಸಾಲಿನ ಸಂಖ್ಯೆಯೂ ಬರುತ್ತದೆ. ‘ಕಪ್ಸ್‌ಡಿ.ಕಾನ್ಫ್’ ಕಡತದಲ್ಲಿ ಯಾರಿಗೆ ಪ್ರವೇಶ ಎಂದು ಹೇಳುವ ‘ಲೊಕೇಶನ್’ ಭಾಗವನ್ನು ಮುಚ್ಚುವ ಸಾಲು ಅಳಿಸಿಹೋಗಿತ್ತು. ವಿಚಾರಿಸಿದರೆ, ಪ್ರಿಂಟರನ್ನು ಪಕ್ಕದ ಕೊಠಡಿಗೂ ಹಂಚಲು ಎರಡು ವಾರದ ಹಿಂದೆಯೇ ಯಾರೋ ಅದನ್ನು ತಿದ್ದಿದ್ದರು. ಓಡುತ್ತಿರುವ ಕಪ್ಸ್ ಬದಲಾದ ಕಡತವನ್ನು ತಾನಾಗಿ ಓದುವುದಿಲ್ಲ. ಹಳೆಯ ಸೆಟ್ಟಿಂಗಿನಲ್ಲೇ ನಡೆಯುತ್ತಿರುತ್ತದೆ. ಕರೆಂಟ್ ಹೋಗಿ ಯಂತ್ರ ಮತ್ತೆ ಶುರುವಾದಾಗಲೇ ತಪ್ಪು ಹೊರಬಿದ್ದದ್ದು. ಬೈಗುಳ ಮಾತ್ರ ಮಳೆಗೂ ಕರೆಂಟಿಗೂ.

ಕಡತ ಸರಿಯಿದ್ದರೆ ‘ಡಿಎಫ್ -ಎಚ್’ ಕೊಟ್ಟು ಡಿಸ್ಕ್ ತುಂಬಿದೆಯೇ ನೋಡಿ. ಕರೆಂಟ್ ಕೈಕೊಟ್ಟ ಯಂತ್ರದಲ್ಲಿ ಡಿಸ್ಕ್‌ಗೆ ಪೆಟ್ಟಾಗಿ, ಅದು ಓದಲು ಮಾತ್ರ ಸಿಗುವ ಸ್ಥಿತಿಗೆ ಹೋಗಿರಬಹುದು. ಹಾಗಿದ್ದರೆ ಮೊದಲು ಮುಖ್ಯ ಕಡತಗಳ ಪ್ರತಿ ತೆಗೆದಿಟ್ಟು, ಆಮೇಲೆ ಡಿಸ್ಕ್ ಪರೀಕ್ಷೆ ಮಾಡಿಸಿ. ಕಪ್ಸ್ ಬಳಸುವ 631ನೇ ಪೋರ್ಟನ್ನು (ನೆಟ್‌ವರ್ಕಿನ ಬಾಗಿಲು) ಬೇರೆ ತಂತ್ರಾಂಶ ಹಿಡಿದಿದ್ದರೆ ‘ಸುಡೊ ಎಸ್‌ಎಸ್ -ಎಲ್‌ಟಿಎನ್‌ಪಿ’ ಅದರ ಹೆಸರು ಹೇಳುತ್ತದೆ.

ತಿದ್ದಿದ ಮೇಲೂ ಸೇವೆ ಏಳದೆ, ತೀರಾ ಬೇಗ ಬೇಗ ಪ್ರಯತ್ನಿಸಲಾಗಿದೆ ಎಂಬ ಸಂದೇಶ ಬಂದರೆ ಗಾಬರಿ ಬೇಡ. ಮತ್ತೆ ಮತ್ತೆ ಸೋತ ಸೇವೆಯನ್ನು, ಸೇವೆಗಳನ್ನೆಲ್ಲ ನಡೆಸುವ ಸಿಸ್ಟಮ್‌ಡಿ ತಡೆದು ನಿಲ್ಲಿಸುತ್ತದೆ. ‘ಸುಡೊ ಸಿಸ್ಟಮ್‌ಸಿಟಿಎಲ್ ರಿಸೆಟ್-ಫೇಲ್ಡ್ ಕಪ್ಸ್’ ಕೊಟ್ಟು, ನಂತರ ‘ಸ್ಟಾರ್ಟ್’ ಕೊಡಿ. ಸೇವೆ ಎದ್ದರೂ ಪ್ರಿಂಟರ್ ತಡೆಹಿಡಿದಂತೆ ಕಂಡರೆ ‘ಕಪ್ಸ್‌ಎನೇಬಲ್’ ಎಂದು ಬರೆದು ಮುಂದೆ ಪ್ರಿಂಟರಿನ ಹೆಸರು ಸೇರಿಸಿ.

ಇನ್ನು ಮುಂದೆ ಸೆಟ್ಟಿಂಗ್ ತಿದ್ದುವ ಮೊದಲು ಕಡತದ ಪ್ರತಿ ಇಟ್ಟುಕೊಳ್ಳಿ. ತಿದ್ದಿದ ಕೂಡಲೇ ‘ಕಪ್ಸ್‌ಡಿ -ಟಿ’ ಓಡಿಸಿ, ಸೇವೆಯನ್ನು ‘ರೀಸ್ಟಾರ್ಟ್’ ಮಾಡಿ, ಒಂದು ಹಾಳೆ ಪ್ರಿಂಟ್ ತೆಗೆದು ನೋಡಿಯೇ ಎದ್ದೇಳಿ.